ಸಮುದ್ರತಳದ ಅಧ್ಯಯನದಲ್ಲೇ ನೌಕರಿ ಮುಗಿಸಿದವರಿಗೆ ಈಗ ಏನನ್ನಿಸುತ್ತದೆ? ಒಮ್ಮೆಯಾದರೂ ತಳಕ್ಕೆ ಇಳಿದಿದ್ದೀರಾ?

ಎರಡನೆಯದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ: ಇಳಿದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಆ ಯೋಗ ಇರುವುದಿಲ್ಲ. 1977ರಲ್ಲಿ ಪೆಸಿಫಿಕ್‌ನ ಗಲಾಪಗೋಸ್ ದ್ವೀಪಗಳ ಬಳಿ ಆಲ್ವಿನ್ ಎಂಬ ಪುಟ್ಟ ಮುಳುಗುನೌಕೆಯಲ್ಲಿ ಸುಮಾರು 2,500 ಮೀಟರ್ ಆಳಕ್ಕೆ ಇಳಿದವರು ಬಿಸಿನೀರಿನ ಬುಗ್ಗೆಗಳನ್ನೂ ಅವುಗಳ ಸುತ್ತ ಕಿಕ್ಕಿರಿದ ಜೀವಿಗಳನ್ನೂ ಕಣ್ಣಾರೆ ಕಂಡರಲ್ಲ, ಅವರ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚಿದೆ.

ನಮಗೆ ತಳದ ಪರಿಚಯ ಆಗುವುದು ಸದ್ದಿನಿಂದ ಮತ್ತು ಕೆಸರಿನಿಂದ. ಹಡಗಿನಿಂದ ಸದ್ದು ಕಳಿಸಿ, ಅದು ತಳಕ್ಕೆ ಬಡಿದು ವಾಪಸ್ ಬರುವ ಹೊತ್ತನ್ನು ಅಳೆದು ಆಳದ ಲೆಕ್ಕ ಹಾಕುತ್ತೇವೆ. ಕಣ್ಣಲ್ಲಿ ನೋಡದೆ ಹೇಗೆ ನಂಬುತ್ತೀರಿ ಎಂದು ಕೇಳುವವರಿಗೆ ನಾನು ಸಮುದ್ರತಳದ ನಕ್ಷೆ ಬರೆದ ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್ ಕತೆ ಹೇಳುತ್ತೇನೆ. 1950ರ ದಶಕದಲ್ಲಿ, ಮಹಿಳೆಯೆಂಬ ಕಾರಣಕ್ಕೆ ಸಂಶೋಧನಾ ಹಡಗು ಹತ್ತಲು ಬಿಡದ ಕಾಲದಲ್ಲಿ, ಆಕೆ ಬೇರೆಯವರು ತಂದ ಆಳದ ಅಂಕಿಗಳನ್ನು ಮೇಜಿನ ಮೇಲೆ ಜೋಡಿಸಿ, ಅಟ್ಲಾಂಟಿಕ್ ನಡುವಿನ ಪರ್ವತಸಾಲಿನ ನೆತ್ತಿಯಲ್ಲೊಂದು ಸೀಳು ಕಣಿವೆ ಇದೆ ಎಂದರು. ಸಹೋದ್ಯೋಗಿ ಬ್ರೂಸ್ ಹೀಜನ್ ಮೊದಲು ಅದನ್ನು ಹೆಂಗಸರ ಹರಟೆ ಎಂದು ತಳ್ಳಿಹಾಕಿದರು, ಆಮೇಲೆ ಒಪ್ಪಿದರು.

ನನ್ನ ಪಾಲಿಗೆ ಬಂದದ್ದು ಕೆಸರು. ಭಾರ ಕಟ್ಟಿದ ಕೊಳವೆಯನ್ನು ಕೇಬಲ್‌ನಲ್ಲಿ ಇಳಿಬಿಟ್ಟು ತಳಕ್ಕೆ ನಾಟಿಸಿ ಎಳೆದರೆ, 4,000 ಮೀಟರ್ ಆಳದಿಂದ ಕೋರ್, ಅಂದರೆ ಕೊಳವೆಯೊಳಗೆ ತುಂಬಿದ ಕೆಸರಿನ ಕಂಬ, ಮೇಲೆ ಬರಲು ಒಂದು ಗಂಟೆಯಾದರೂ ಬೇಕು. ಡೆಕ್ ಮೇಲೆ ಸುಡುಬಿಸಿಲಿದ್ದರೂ ಆ ಕೆಸರು ಬೆರಳು ಮರಗಟ್ಟುವಷ್ಟು ತಣ್ಣಗಿರುತ್ತದೆ. ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಕೆನೆಬಣ್ಣದ ಪದರ, ಬೂದು, ಮತ್ತೆ ಕೆನೆಬಣ್ಣ. ನಡುಸಾಗರದಲ್ಲಿ ಇಂಥ ಸುಣ್ಣದ ಕೆಸರು ಸಾವಿರ ವರ್ಷಕ್ಕೆ ಕೂರುವುದು ಒಂದೆರಡು ಸೆಂಟಿಮೀಟರ್. ಮನುಷ್ಯ ಬರೆಯಲು ಕಲಿತಾಗಿನಿಂದ ಇಂದಿನವರೆಗಿನ ಕಾಲವೆಲ್ಲ ಅಲ್ಲಿ ಒಂದು ಗೇಣಿನೊಳಗೆ ಮುಗಿಯಿತು!

ಅಲ್ಲಿಂದ ಮುಂದಿನದು ಬೇಸರದ ಕೆಲಸ ಎನ್ನುತ್ತಾರೆ, ನನಗೆ ಮಾತ್ರ ಇಷ್ಟವಾದದ್ದೇ ಅದು. ಕೆಸರನ್ನು ಜರಡಿಯಲ್ಲಿ ತೊಳೆದು, ಉಳಿದ ಮರಳಿನ ಕಾಳಿನಷ್ಟು ಸಣ್ಣ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಹೆಕ್ಕಬೇಕು. ಒಣ ಕುಂಚಕ್ಕೆ ಅಂಟುವುದಿಲ್ಲ, ನೀರು ಹೆಚ್ಚಾದರೆ ಬಿಟ್ಟುಹೋಗುವುದಿಲ್ಲ. ಚಿಪ್ಪಿನಲ್ಲಿ ಭಾರದ ಆಮ್ಲಜನಕದ, ಅಂದರೆ ಮಾಮೂಲಿಗಿಂತ ತೂಕ ಹೆಚ್ಚಿರುವ ಆಮ್ಲಜನಕದ ಪರಮಾಣುಗಳ, ಪಾಲು ಹೆಚ್ಚಿದ್ದರೆ ಆ ಕಾಲದಲ್ಲಿ ನೀರು ತಣ್ಣಗಿತ್ತು, ನೆಲದ ಮೇಲೆ ಹಿಮ ಹೆಚ್ಚಿತ್ತು ಎಂದು ಲೆಕ್ಕ. ಹಿಮಯುಗಗಳ ಬರಹೋಗುಗಳಿಗೆ ಭೂಕಕ್ಷೆಯ ಏರುಪೇರೇ ತಾಳ ಹಾಕುತ್ತದೆ ಎಂದು ಹೇಸ್, ಇಂಬ್ರಿ ಮತ್ತು ಶ್ಯಾಕಲ್ಟನ್ ಎಂಬ ವಿಜ್ಞಾನಿಗಳು 1976ರಲ್ಲಿ ತೋರಿಸಿದ್ದು ದಕ್ಷಿಣ ಹಿಂದೂ ಮಹಾಸಾಗರದ ಎರಡೇ ಎರಡು ಕೋರ್‌ಗಳಿಂದ.

ಹಾಗಾಗಿ ಈ ದಾರಿ ಹಿಡಿಯುವ ಯೋಚನೆಯಿದ್ದರೆ ಹಡಗಿನ ಫೋಟೊ ನೋಡಿ ತೀರ್ಮಾನಿಸಬೇಡಿ. ಯಾವುದಾದರೂ ಪ್ರಯೋಗಾಲಯದಲ್ಲಿ ಕೇಳಿಕೊಂಡು ಒಂದು ವಾರ ಚಿಪ್ಪು ಹೆಕ್ಕಿ ನೋಡಿ. ಹಡಗಿನ ಓಲಾಟವಂತೂ ನನಗೆ ಕೊನೆತನಕ ಒಗ್ಗಲಿಲ್ಲ.