ಉಚಿತವಾಗಿ ರಿಗ್ರೆಷನ್ ಮಾಡಲು ಯಾವ ತಂತ್ರಾಂಶ ಸೂಕ್ತ?
ರಾಯಚೂರು ಜಿಲ್ಲೆಯ ತಾಲ್ಲೂಕುವಾರು ಮಳೆಗೂ ಹತ್ತಿ ಇಳುವರಿಗೂ ಇರುವ ಸಂಬಂಧವನ್ನು ರಿಗ್ರೆಷನ್‌ನಿಂದ, ಅಂದರೆ ಒಂದು ಚರ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆಂದು ಅಂದಾಜಿಸುವ ವಿಧಾನದಿಂದ, ಹಣ ಖರ್ಚಿಲ್ಲದೆ ಅಳೆಯುವುದು ಹೇಗೆಂದು ಕೇಳಿದ್ದೀರಿ. ಇದಕ್ಕೆ ನಾನು ಆರ್ (R) ಎಂಬ ಉಚಿತ ಪ್ರೋಗ್ರಾಮಿಂಗ್ ಭಾಷೆಯನ್ನೇ ಸೂಚಿಸುತ್ತೇನೆ. ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದಲ್ಲಿ ಸಂಖ್ಯಾಶಾಸ್ತ್ರಕ್ಕೆಂದೇ ರೂಪಿಸಿದ ಈ ಭಾಷೆಯಲ್ಲಿ ಎರಡೇ ಸಾಲು ಬರೆದರೆ ಗುಣಾಂಕ (ಮಳೆ ಒಂದು ಘಟಕ ಹೆಚ್ಚಿದರೆ ಇಳುವರಿ ಎಷ್ಟು ಬದಲಾಗುತ್ತದೆ), ಪ್ರಮಾಣಿತ ದೋಷ (ಆ ಅಂದಾಜು ಎಷ್ಟು ಅನಿಶ್ಚಿತ), ಪಿ-ಮೌಲ್ಯ (ನಿಜಕ್ಕೂ ಸಂಬಂಧವೇ ಇಲ್ಲದಿದ್ದರೆ ಇಂಥ ಫಲಿತಾಂಶ ಬರುವ ಸಾಧ್ಯತೆ ಎಷ್ಟು) ಎಲ್ಲವೂ ದೊರೆಯುತ್ತವೆ. ಸಿಂಧನೂರು, ಮಾನ್ವಿಯಂತಹ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರೂ ಹರಿಯುವುದರಿಂದ, ನೀರಾವರಿಯನ್ನು ಪ್ರತ್ಯೇಕ ಚರವಾಗಿ ಸೇರಿಸದಿದ್ದರೆ ಮಳೆಯ ಗುಣಾಂಕವನ್ನು ನಂಬುವಂತಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಾದರೆ ಅದರ ಸ್ಟ್ಯಾಟ್ಸ್‌ಮಾಡೆಲ್ಸ್ ಎಂಬ ಲೈಬ್ರರಿ (ಸಿದ್ಧ ಕೋಡ್‌ಗಳ ಸಂಗ್ರಹ) ಬಳಸಿ. ಹೆಚ್ಚು ಹೆಸರುವಾಸಿಯಾದ ಸೈಕಿಟ್-ಲರ್ನ್ ಎಂಬ ಇನ್ನೊಂದು ಪೈಥಾನ್ ಲೈಬ್ರರಿ ಮುನ್ಸೂಚನೆಗೆ ಒಳ್ಳೆಯದಾದರೂ ಅದರ ಲೀನಿಯರ್ ರಿಗ್ರೆಷನ್ ಪಿ-ಮೌಲ್ಯವನ್ನು ಕೊಡುವುದಿಲ್ಲ, ಹೌದು-ಇಲ್ಲ ಬಗೆಯ ಫಲಿತಾಂಶಗಳಿಗೆ ಬಳಸುವ ಅದರ ಲಾಜಿಸ್ಟಿಕ್ ರಿಗ್ರೆಷನ್ ಅಂತೂ ನಾವು ಕೇಳದೆಯೇ ಗುಣಾಂಕಗಳನ್ನು ಸೊನ್ನೆಯತ್ತ ಕುಗ್ಗಿಸುತ್ತದೆ. ಕೋಡ್ ಬರೆಯಲು ಹಿಂಜರಿಕೆಯಿದ್ದರೆ ಗ್ರೆಟ್ಲ್ ಎಂಬ ಉಚಿತ ತಂತ್ರಾಂಶ ಇದೆ, ಅದರಲ್ಲಿ ಮೆನುವಿನಿಂದಲೇ ಕೆಲಸವಾಗುತ್ತದೆ.