ಓದುಗರ ಪ್ರಶ್ನೆ, ನಮ್ಮ ಉತ್ತರ: ತೋಟದ ನೆರಳಿನ ಪುಟ್ಟ ಮನೆಗೆ ಯಾವ ಬಣ್ಣ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ತೋಟದ ನಡುವೆ ನಮ್ಮ ಮನೆಯಿದೆ. ಒಟ್ಟು 650 ಚದರ ಅಡಿ. ಮುರಕಲ್ಲಿನ ಗೋಡೆ, ಮೇಲೆ ಸಿಮೆಂಟಿನ ಸಾರಣೆ, ನೆಲಕ್ಕೆ ಕೆಂಪು ರೆಡ್ ಆಕ್ಸೈಡ್. ಚಾವಡಿ 12 ಅಡಿ ಉದ್ದ, 10 ಅಡಿ ಅಗಲ. ಈಗಿನ ರೂಢಿಯಂತೆ ಬೂದುಬಣ್ಣ ಬಳಿಸಿ, ಒಂದು ಗೋಡೆಗೆ ಮಾತ್ರ ಗಾಢ ನೀಲಿ ಕೊಡಬೇಕೆಂಬುದು ಮಗನ ಆಸೆ. ಅತ್ತೆಯವರಿಗೆ ಬಿಳಿಯೇ ಆಗಬೇಕು. ಅಂಗಡಿಯವರು ಮ್ಯಾಟ್ (ಹೊಳಪಿಲ್ಲದ್ದು), ಸ್ಯಾಟಿನ್ (ನಸುಹೊಳಪಿನದು), ಗ್ಲಾಸಿ (ಹೆಚ್ಚು ಹೊಳಪಿನದು) ಎಂದು ಹೇಳುತ್ತಾರೆ. ಮಳೆಗಾಲದಲ್ಲಿ ಪಶ್ಚಿಮದ ಗೋಡೆಯ ಬುಡದಲ್ಲಿ ಬಣ್ಣ ಏಳುವುದೂ ಇದೆ. ನಮಗೆ ಯಾವುದು ಸರಿಹೋದೀತು?
– ಗೃಹಿಣಿ, ಬದಿಯಡ್ಕ

ಉತ್ತರ: ನೀವು ಪತ್ರದ ಕೊನೆಯಲ್ಲಿ ಬರೆದಿರುವ ಪಶ್ಚಿಮದ ಗೋಡೆಯನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆ ಗೋಡೆ ಸರಿಯಾಗದೆ ನೀವು ಆರಿಸುವ ಯಾವ ಬಣ್ಣವೂ ಎರಡನೆಯ ಮಳೆಗಾಲವನ್ನು ಕಾಣಲಾರದು. ಮುರಕಲ್ಲು ತೂತುತೂತಾದ ಕಲ್ಲು. ನೆಲದಿಂದಲೂ ಹೊರಗೋಡೆಯ ಬಿರುಕುಗಳಿಂದಲೂ ಅದು ನೀರನ್ನು ಹೀರಿಕೊಳ್ಳುತ್ತದೆ. ಆ ನೀರು ಕಲ್ಲು ಮತ್ತು ಸಿಮೆಂಟಿನಲ್ಲಿರುವ ಲವಣವನ್ನು ಕರಗಿಸಿಕೊಂಡು ಒಳಮೈಗೆ ಬಂದು ಆರುವಾಗ, ಲವಣವು ಬಣ್ಣದ ಪದರದ ಅಡಿಯಲ್ಲಿ ಹರಳುಗಟ್ಟಿ ಪದರವನ್ನು ಮೇಲಕ್ಕೆ ನೂಕುತ್ತದೆ. ನೀವು ಕಾಣುವ ಹೊಪ್ಪಳೆ ಮತ್ತು ಬಿಳಿ ಪುಡಿ ಇದೇ. ಅಗ್ಗದ ಬಣ್ಣವೆಂದು ಅದನ್ನು ದೂರಿ ದುಬಾರಿ ಬಣ್ಣ ಬಳಿಸಿದವರಿಗೂ ಇದೇ ಅನುಭವವಾಗುತ್ತದೆ.

ತೇವ ಎಲ್ಲಿಂದ ಬರುತ್ತದೆಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚುಗಳನ್ನು ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ನೀರಿನ ಹನಿ ಕಂಡರೆ ತೇವವು ಗೋಡೆಯೊಳಗಿನದು. ಕೋಣೆಯ ಕಡೆಯ ಮೈಯಲ್ಲಿ ಕಂಡರೆ ಅದು ಕೋಣೆಯ ಗಾಳಿಯಲ್ಲಿರುವ ತೇವ, ಅದಕ್ಕೆ ಕಿಟಕಿ ತೆರೆದಿಡುವುದೇ ಮದ್ದು. ಗೋಡೆಯೊಳಗಿನ ತೇವವಾದರೆ ಹೊರಗಿನ ಬಿರುಕು ಮುಚ್ಚಿಸಿ, ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಮಾಡಿ, ಎದ್ದ ಭಾಗವನ್ನು ಸಾರಣೆಯವರೆಗೂ ಕೆರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಗೋಡೆಯನ್ನು ಸಮ ಮಾಡುವ ಪುಟ್ಟಿ ಹಾಕಿಸಿ. ಅಂಥ ಗೋಡೆಗೆ ಅಕ್ರಿಲಿಕ್ ಪುಟ್ಟಿಗಿಂತ ಬಿಳಿ ಸಿಮೆಂಟಿನ ಪುಟ್ಟಿ ಹೆಚ್ಚು ತಾಳುತ್ತದೆ. ಹೊಸ ಸಾರಣೆ ಹಾಕಿಸುವುದಾದರೆ ಬಣ್ಣಕ್ಕೆ ಮೊದಲು ಕನಿಷ್ಠ 28 ದಿನ ಬಿಡಬೇಕು. ಈ ಕೆಲಸಗಳಿಗೆಲ್ಲ ನಮ್ಮ ಕಡೆ ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣ ದಿನಗಳೇ ಒಳ್ಳೆಯವು. ಎರಡು ಕೋಟುಗಳ ನಡುವೆ ನಾಲ್ಕು ಗಂಟೆ ಸಾಕೆಂದು ಡಬ್ಬಿಯ ಮೇಲೆ ಬರೆದಿದ್ದರೂ ಜಡಿಮಳೆಯ ಆಟಿ ತಿಂಗಳ ತೇವದ ಗಾಳಿಯಲ್ಲಿ ಅದು ನಡೆಯುವುದಿಲ್ಲ.

ಇನ್ನು ಬಣ್ಣದ ವಿಚಾರ. ತೋಟದ ನಡುವಿನ ಮನೆಗೆ ಬರುವ ಬೆಳಕು ಬಯಲಿನ ಮನೆಗೆ ಬರುವ ಬೆಳಕಿನಂತಿರುವುದಿಲ್ಲ. ಅಡಿಕೆಯ ಸೋಗೆ ಮತ್ತು ಬಾಳೆಯ ಎಲೆಗಳ ನಡುವೆ ಸೋಸಿ ಬರುವಾಗ ಅದಕ್ಕೆ ಹಸಿರು ಛಾಯೆ ಸೇರಿರುತ್ತದೆ. ಮಾರುಕಟ್ಟೆಯ ಬೂದುಬಣ್ಣಗಳಲ್ಲಿ ಬಹಳಷ್ಟು ನೀಲಿ ಅಥವಾ ಹಸಿರು ಬೆರೆತವು. ಅಂಗಡಿಯ ಬಿಳಿ ಟ್ಯೂಬಿನ ಕೆಳಗೆ ಸೊಗಸಾಗಿ ಕಂಡ ಆ ಬೂದು, ಹಸಿರು ಬೆಳಕಿನ ನಿಮ್ಮ ಚಾವಡಿಯಲ್ಲಿ ಬೂಷ್ಟು ಹಿಡಿದ ಗೋಡೆಯಂತೆ ಕಾಣುವ ಸಂಭವವೇ ಹೆಚ್ಚು. ನಿಮ್ಮ ಕೆಂಪು ನೆಲವೂ ಸುಮ್ಮನಿರುವುದಿಲ್ಲ, ಗೋಡೆಯ ಕೆಳಭಾಗಕ್ಕೆ ತನ್ನ ಕೆಂಪನ್ನು ಚೆಲ್ಲುತ್ತದೆ. ಆದ್ದರಿಂದ ಮಗನಿಗೆ ಬೂದು ಬೇಕೇಬೇಕಾದರೆ ಕಂದು ಅಥವಾ ಕೆಂಪು ಬೆರೆತ ತಿಳಿ ಬೂದನ್ನು ನೋಡಲಿ. ಅತ್ತೆಯವರ ಬಿಳಿಗೆ ಒಂದಿಷ್ಟು ಹಳದಿ ಬೆರೆಸಿ ಕೆನೆಬಿಳಿ ಮಾಡಿದರೆ ಇಬ್ಬರ ಮಾತೂ ಉಳಿದೀತು. ನನ್ನ ಒಲವು ಕೆನೆಬಿಳಿಯ ಕಡೆಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಕೆಲವು ಕಂಪೆನಿಗಳು ಪ್ರತಿ ಬಣ್ಣಕ್ಕೂ ಬೆಳಕು ಪ್ರತಿಫಲಿಸುವ ಅಂಕವನ್ನು ಕೊಡುತ್ತವೆ. ಅದನ್ನು ಎಲ್‌ಆರ್‌ವಿ ಎನ್ನುತ್ತಾರೆ. ಅದರಲ್ಲಿ ಸೊನ್ನೆಯೆಂದರೆ ಪೂರ್ತಿ ಕಪ್ಪು, 100 ಎಂದರೆ ಪೂರ್ತಿ ಬಿಳಿ. ನೆರಳಿನ ಚಾವಡಿಗೆ 65ಕ್ಕಿಂತ ಮೇಲಿನದನ್ನು ಆರಿಸುವುದು ಕ್ಷೇಮ. ಆದರೂ ಬೆರಳಗಲದ ಶೇಡ್ ಕಾರ್ಡನ್ನು ನೋಡಿ ನಿರ್ಧರಿಸಬೇಡಿ. ಮಾದರಿ ಡಬ್ಬಿ ತಂದು, ಎರಡಡಿ ಚೌಕದ ಹಾರ್ಡ್‌ಬೋರ್ಡಿಗೆ ಎರಡು ಕೋಟು ಬಳಿದು, ಅದನ್ನು ಬೇರೆ ಬೇರೆ ಗೋಡೆಗೆ ಒರಗಿಸಿ ಬೆಳಿಗ್ಗೆ, ನಡುಹಗಲು ಮತ್ತು ರಾತ್ರಿ ದೀಪ ಹಚ್ಚಿದ ಮೇಲೆ ನೋಡಿ. 3000 ಕೆಲ್ವಿನಿನ ಹಳದಿ ಬಲ್ಬಿನಲ್ಲಿ ಕಾಣುವ ಬಣ್ಣವೂ 6500 ಕೆಲ್ವಿನಿನ ಬಿಳಿ ಬಲ್ಬಿನಲ್ಲಿ ಕಾಣುವ ಬಣ್ಣವೂ ಒಂದೇ ಎಂದು ನಂಬುವುದೇ ಕಷ್ಟವಾಗುತ್ತದೆ.

ಗಾಢ ನೀಲಿಯನ್ನು ಪೂರ್ತಿ ಬೇಡವೆನ್ನಲಾರೆ. ಕಿಟಕಿಗೆ ಎದುರಾದ ಗೋಡೆಯೇ ಬೆಳಕನ್ನು ಕೋಣೆಗೆ ಮರಳಿಸುವುದರಿಂದ ಅದನ್ನು ತಿಳಿಯಾಗಿಯೇ ಉಳಿಸಿ. ಕಿಟಕಿಯಿರುವ ಗೋಡೆ ಗಾಢವಾದರೆ ಹೊರಗಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಉಳಿಯುವುದು ಪಕ್ಕದ 10 ಅಡಿಯ ಗೋಡೆ. ಗಾಢ ಬಣ್ಣಗಳಲ್ಲಿ ಬಿಳುಪನ್ನೂ ಮುಚ್ಚುವ ಶಕ್ತಿಯನ್ನೂ ಕೊಡುವ ಟೈಟಾನಿಯಂ ಡೈಆಕ್ಸೈಡ್ ಕಡಿಮೆಯಿರುವುದರಿಂದ ಮೂರನೆಯ ಕೋಟು ಬೇಕಾಗಬಹುದು. ಗಾಢ ಮ್ಯಾಟ್ ಗೋಡೆಗೆ ಕುರ್ಚಿ ಉಜ್ಜಿದರೆ ಬಿಳಿ ಗೆರೆ ಉಳಿಯುತ್ತದೆ, ಆದ್ದರಿಂದ ಆ ಗೋಡೆಗೆ ನಸುಹೊಳಪಿನ ಬಣ್ಣ ಒಳ್ಳೆಯದು.

ಹೊಳಪಿನ ಲೆಕ್ಕ ಸರಳವಾದುದು. ಹೊಳಪು ಹೆಚ್ಚಿದಷ್ಟೂ ಒರೆಸಲು ಸುಲಭ, ಆದರೆ ಗೋಡೆಯ ಉಬ್ಬುತಗ್ಗುಗಳೂ ಅಷ್ಟೇ ಎದ್ದು ಕಾಣುತ್ತವೆ. ಹಳೆಯ ಸಾರಣೆ ಎಂದೂ ಪೂರ್ತಿ ಸಮವಾಗಿರುವುದಿಲ್ಲವಾದ್ದರಿಂದ ಚಾವಡಿಗೂ ಮಲಗುವ ಕೋಣೆಗೂ ತೊಳೆಯಬಹುದಾದ ಮ್ಯಾಟ್ ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆಬಣ್ಣ), ಅಡುಗೆಮನೆಗೆ ಸ್ಯಾಟಿನ್, ಮೇಲ್ಛಾವಣಿಗೆ ಬಿಳಿ ಮ್ಯಾಟ್ ಸಾಕು. ಬಾಗಿಲುಗಳಿಗೆ ಬಿಳಿ ಎಣ್ಣೆ ಇನಾಮಲ್ ಹಾಕಿಸುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಬೆಳಕು ಕಡಿಮೆಯಿರುವಲ್ಲಿ ಅದು ಬೇಗ ಹಳದಿಯಾಗುತ್ತದೆ. ನೀರಿನಲ್ಲಿ ಕಲಸುವ ಇನಾಮಲ್ಲಿಗೆ ಆ ದೋಷವಿಲ್ಲ, ವಾಸನೆಯೂ ಕಡಿಮೆ.

9 ಅಡಿ ಎತ್ತರವೆಂದರೆ ಚಾವಡಿಯ ನಾಲ್ಕು ಗೋಡೆ 396 ಚದರ ಅಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 340. ನಯವಾದ ಗೋಡೆಯಲ್ಲಿ ಲೀಟರಿಗೆ ಎರಡು ಕೋಟು ಸೇರಿ 120ರಿಂದ 140 ಚದರ ಅಡಿ ಹಿಡಿದರೆ ಮೂರು ಲೀಟರಿಗೆ ಮುಗಿಯುತ್ತದೆ. ಅಂಗಡಿಯ ಕಾರ್ಡು ಇಂಗ್ಲಿಷಿನಲ್ಲಿ, ಪೇಂಟರನ ಮಾತು ಮಲಯಾಳದಲ್ಲಿ, ನಿಮ್ಮ ಮನೆಮಾತು ಬೇರೆ. ಈ ಮೂರರ ನಡುವೆ ಬಣ್ಣದ ಹೆಸರು ಬದಲಾಗುವುದು ಸಹಜವಾದುದರಿಂದ ಶೇಡ್ ನಂಬರನ್ನು ಚೀಟಿಯಲ್ಲಿ ಬರೆದು ಕೊಡಿ, ಒಂದು ಪ್ರತಿಯನ್ನು ನೀವೂ ಇಟ್ಟುಕೊಳ್ಳಿ.

ಪ್ರಶ್ನೆ: ತಂದೆಯವರ ಕಾಲದ ಹೆಂಚಿನ ಮನೆ. ವರ್ಷವರ್ಷ ಸುಣ್ಣ ಬಳಿದ ಗೋಡೆ. ಅದರ ಮೇಲೆಯೇ ಎಮಲ್ಷನ್ ಹಾಕಬಹುದೇ? ಬಾಗಿಲಿನ ಹಳೆಯ ಹಸಿರು ಬಣ್ಣವನ್ನೂ ಉಜ್ಜಿ ತೆಗೆಯಬೇಕೆಂದಿದ್ದೇವೆ.
– ಓದುಗರು, ಮಂಜೇಶ್ವರ

ಉತ್ತರ: ನೇರವಾಗಿ ಹಾಕಬಾರದು. ಪದರಪದರವಾದ ಹಳೆಯ ಸುಣ್ಣಕ್ಕೆ ಎಮಲ್ಷನ್ ಕಚ್ಚಿಕೊಳ್ಳುವುದಿಲ್ಲ. ಆರಿದ ಬಣ್ಣ ಸುಣ್ಣವನ್ನೂ ಹೊತ್ತುಕೊಂಡು ಹಾಳೆಯಾಗಿ ಕಳಚುತ್ತದೆ. ಅಂಗೈಯಿಂದ ಉಜ್ಜಿದಾಗ ಪುಡಿ ಬಾರದವರೆಗೆ ಕೆರೆಸಿ, ತೊಳೆಸಿ, ಒಣಗಿಸಿ, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಹಾಕಿಸಬೇಕು. ಆದರೆ ಗೋಡೆ ಗಟ್ಟಿಯಾಗಿದ್ದರೆ ಸುಣ್ಣವನ್ನೇ ಮುಂದುವರಿಸುವ ಬಗ್ಗೆ ಯೋಚಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೆಳೆಯುವುದು ಕಷ್ಟ, ಗೋಡೆಯ ತೇವವೂ ಅದರ ಮೂಲಕ ಹೊರಗೆ ಹೋಗುತ್ತದೆ. ಸುಣ್ಣದೊಂದಿಗೆ ಹೊಂದುವ ಕಾವಿ ಅಥವಾ ಹಳದಿ ಆಕ್ಸೈಡಿನ ಪುಡಿಯನ್ನು ಕಲಸಿದರೆ ಈಗಿನವರೂ ಮೆಚ್ಚುವ ತಿಳಿಬಣ್ಣ ಸಿಗುತ್ತದೆ.

ಬಾಗಿಲಿನ ವಿಷಯದಲ್ಲಿ ಎಚ್ಚರ ಅಗತ್ಯ. ಮನೆಬಳಕೆಯ ಬಣ್ಣದಲ್ಲಿ ಸೀಸವು ದಶಲಕ್ಷದಲ್ಲಿ 90 ಭಾಗಗಳನ್ನು ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು ನಡೆಯಬೇಕು. ಅದರ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು ಮಾಡುತ್ತದೆ. ಆ ಬಣ್ಣವನ್ನು ಒದ್ದೆ ಮಾಡದೆ ಉಜ್ಜಿಸಬೇಡಿ, ಬೆಂಕಿಯಿಂದ ಸುಡಿಸಬೇಡಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಕೆಲಸ ನಡೆಯುವ ದಿನಗಳಲ್ಲಿ ಬೇರೆಡೆಗೆ ಕಳುಹಿಸಿ, ನೀರಿನ ಉಜ್ಜುಕಾಗದದಿಂದ ಒದ್ದೆಯಾಗಿಯೇ ಉಜ್ಜಿಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಅದನ್ನು ಬಾವಿಯ ಬಳಿಯಾಗಲೀ ತೋಟದಲ್ಲಾಗಲೀ ಚೆಲ್ಲಬೇಡಿ. ಬಣ್ಣ ಎಲ್ಲಿಯೂ ಏಳದೆ ಭದ್ರವಾಗಿದ್ದರೆ ಮೈಯನ್ನು ಒದ್ದೆಯಾಗಿ ತುಸು ಒರಟಾಗಿಸಿ ಮೇಲೆಯೇ ಹೊಸ ಇನಾಮಲ್ ಹಾಕಿಸಬಹುದು.