ಪ್ರತಿಕ್ರಿಯೆ: ಎಸ್‌ಕ್ಯೂಎಲ್ ಪ್ಲಸ್ ಲೂಪ್‌ನಲ್ಲಿ ಒಂದೇ ಸಲ ಇನ್‌ಪುಟ್ ಕೇಳುತ್ತದೆ, ಯಾಕೆ?

ಲೂಪ್ ಐದು ಸಲ ಸುತ್ತಿದರೂ & ಹಾಕಿದ ವೇರಿಯಬಲ್‌ನ ಬೆಲೆ ಒಂದೇ ಸಲ ಕೇಳುತ್ತದೆ ಅಂದಿರಿ. ಅದು ಬಗ್ ಅಲ್ಲ. & ಚಿಹ್ನೆಯನ್ನು ಓದುವುದು ಒರಾಕಲ್ ಸರ್ವರ್ ಅಲ್ಲ, ನಿಮ್ಮ ಕಡೆ ಇರುವ ಎಸ್‌ಕ್ಯೂಎಲ್ ಪ್ಲಸ್, ಅಂದ್ರೆ ಒರಾಕಲ್ ಡೇಟಾಬೇಸ್‌ಗೆ ಕಮಾಂಡ್ ಕಳಿಸುವ ಪ್ರೋಗ್ರಾಂ. ಬ್ಲಾಕನ್ನು (ನೀವು ಬರೆದ ಇಡೀ ಕೋಡ್ ತುಂಡನ್ನು) ಸರ್ವರ್‌ಗೆ ಕಳಿಸುವ ಮೊದಲೇ ಅದು ನಿಮ್ಮನ್ನು ಕೇಳಿ, ನೀವು ಟೈಪ್ ಮಾಡಿದ್ದನ್ನು ಆ ಜಾಗದಲ್ಲಿ ಸುಮ್ನೆ ಅಂಟಿಸಿಬಿಡುತ್ತದೆ, ಆಮೇಲೆ ಲೂಪ್ ಓಡುವುದೆಲ್ಲ ಸರ್ವರ್ ಒಳಗೆ. ಅಲ್ಲಿ ನಿಮ್ಮ ಕೀಬೋರ್ಡ್ ಎಲ್ಲಿಂದ ಬರಬೇಕು, ಅಲ್ವಾ?

ಪ್ರತಿ ಸುತ್ತಿಗೂ ಕೇಳಲೇಬೇಕು ಅಂದ್ರೆ ಲೂಪನ್ನು ಹೊರಗೆ ತನ್ನಿ. ಪೈಥಾನ್‌ನಲ್ಲಿ ಬರೆಯುವುದು ಸುಲಭ, ಆದರೆ ಬಂದ ಇನ್‌ಪುಟನ್ನು ಕ್ವೆರಿಗೆ ನೇರ ಜೋಡಿಸಬೇಡಿ, ಬೈಂಡ್ ವೇರಿಯಬಲ್ ಆಗಿಯೇ (ಕ್ವೆರಿಯ ಪಠ್ಯಕ್ಕೆ ಸೇರಿಸದೆ ಬೇರೆಯಾಗಿ) ಕೊಡಿ, ಇಲ್ಲದಿದ್ದರೆ ಯಾರೋ ಹೆಸರಿನ ಜಾಗದಲ್ಲಿ ಎಸ್‌ಕ್ಯೂಎಲ್ ತುಂಡನ್ನೇ ಹೊಡೆದು ಹೋಗುತ್ತಾರೆ.

ಒಂದೇ ಸಲ ಸಾಕಾದರೆ ಬ್ಲಾಕ್‌ಗೆ ಮೊದಲು, ಇನ್‌ಪುಟ್ ಕೇಳಿ ಇಟ್ಟುಕೊಳ್ಳುವ ಅಕ್ಸೆಪ್ಟ್ ಕಮಾಂಡ್ ಹಾಕಿ. ಅದಕ್ಕೆ ನಂಬರ್ ಅಂತ ಹೇಳಿದ್ದರೆ, ಅಕ್ಷರ ಹೊಡೆದಾಗ ಒಪ್ಪದೆ ಮತ್ತೆ ಕೇಳುತ್ತದೆ. ಪಾಸ್‌ವರ್ಡ್‌ಗೆ ಹೈಡ್ ಇದೆ, ಟೈಪ್ ಮಾಡಿದ್ದು ತೆರೆಯ ಮೇಲೆ ಕಾಣುವುದಿಲ್ಲ. ಹೆಸರು, ಊರು ಇಂಥವಕ್ಕೆ '&ooru' ಅಂತ ಕೋಟ್ಸ್ ಒಳಗೆ ಬರೆಯಿರಿ. ಮತ್ತೆ && ಬಳಸಿದರೆ ಆ ಬೆಲೆ ಸೆಷನ್ ಮುಗಿಯುವವರೆಗೂ ಉಳಿಯುತ್ತದೆ, ಹೊಸದು ಬೇಕಿದ್ದರೆ ಅನ್‌ಡಿಫೈನ್ ಕಮಾಂಡ್‌ನಿಂದ ಅದನ್ನು ಅಳಿಸಿ.